ಅಗ್ನಿಶೌಚ

ಅಗ್ನಿಗೆ ಸಂಸ್ಕೃತದಲ್ಲಿ ಪಾವಕನೆಂಬುದೊಂದು ಹೆಸರು. ಪಾವಕನೆಂದರೆ ಪವಿತ್ರಗೊಳಿಸತಕ್ಕವನು. ಸುಡತಕ್ಕವನೆಂಬ ಅರ್ಥದಲ್ಲಿ ದಹನನೆಂಬ ಹೆಸರು ಬೇರೆಯೇ ಇರುವುದು. ಒಂದೇ ಬೆಂಕಿಗೆ ಈ ಎರಡು ಹೆಸರುಗಳನ್ನೂ ಇಟ್ಟ ಹಿರಿಯರು ಲೋಕವ್ಯವಹಾರವನ್ನು ಚೆನ್ನಾಗಿ ಕಂಡವರು. ತಕ್ಕ ಎಡೆಯಲ್ಲಿ, ತಕ್ಕ ಹೊತ್ತಿನಲ್ಲಿ, ತಕ್ಕಷ್ಟು ಹೊತ್ತು ಉರಿದರೆ ಪಾವಕ. ಈ ಮೂರರಲ್ಲೊಂದು ತಪ್ಪಿದರೆ ದಹನ. ದೇವೀಮಾಹಾತ್ಮ್ಯದಲ್ಲಿ ಶುಂಭಾಸುರನ ಐಶ್ವರ್ಯವನ್ನು ಬಣ್ಣಿಸುವ ಕಡೆ, ಅಗ್ನಿಯು ಅವನಿಗೆ ಕೊಟ್ಟ ‘ಅಗ್ನಿಶೌಚ’ವಾದ ಎರಡು ವಸ್ತ್ರಗಳ ಮಾತು ಬರುವುದು. ನೀರಿನಿಂದಲ್ಲ, ಬೆಂಕಿಯಿಂದಲೇ ಮಡಿಯಾಗತಕ್ಕ ಬಟ್ಟೆಗಳೆಂದು ಅರ್ಥ. ಕೊಳೆಯು ಸುಟ್ಟುಹೋಗುವುದು, ಬಟ್ಟೆಯು ಉಳಿಯುವುದು.

ಅಸುರನ ಭಂಡಾರದಲ್ಲಿದ್ದ ಈ ವಿಸ್ಮಯವು ಈಗ ನಮ್ಮ ಶಿವಮೊಗ್ಗೆಯ ಕೋಟೆಯ ಬೀದಿಗಳಲ್ಲಿ ನಿಲ್ಲುವ ಡೀಸೆಲ್ ಕಾರುಗಳ ಹೊಟ್ಟೆಯ ಕೆಳಗೆ ಸೇರಿಕೊಂಡಿರುವುದೆಂದರೆ ವಾಚಕರು ನಗಬಹುದು. ಆದರೂ ಮಾತು ನಿಜ. ಆ ವಸ್ತುವಿಗೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್ ಎಂದು ಹೆಸರು, ಚಿಕ್ಕದಾಗಿ ಡಿ.ಪಿ.ಎಫ್. ಎನ್ನುವರು. ನಾವು ಇದನ್ನು ಮಸಿಶೋಧಕವೆನ್ನೋಣ. ಅದು ತನ್ನ ಕೊಳೆಯನ್ನು ತಾನೇ ಸುಟ್ಟುಕೊಂಡು ಶುಚಿಯಾಗುವ ಕ್ರಿಯೆಗೆ ರೀಜನರೇಷನ್ ಎನ್ನುವರು. ನಾವು ಪುನಶ್ಶುದ್ಧಿಯೆಂದು ಕರೆಯುವೆವು. ಮನೆಯಲ್ಲಿ ಡೀಸೆಲ್ ವಾಹನವನ್ನಿಟ್ಟುಕೊಂಡಿರುವ ಗೃಹಸ್ಥರು ಇದರ ಮರ್ಮವನ್ನರಿಯದೆ ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಿರುವುದನ್ನು ಕಂಡು, ಈ ತಿಂಗಳು ಇದನ್ನೇ ವಿಚಾರಿಸತಕ್ಕದ್ದೆಂದು ಎಣಿಸಿದೆವು.

ಮೊದಲು ಮಸಿಯು ಹುಟ್ಟುವ ಬಗೆಯನ್ನು ತಿಳಿಯಬೇಕು. ಜರ್ಮನಿಯ ರುಡೋಲ್ಫ್ ಡೀಸೆಲನು 1893ರಲ್ಲಿ ತನ್ನ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಪೆಟ್ರೋಲು ಯಂತ್ರದಲ್ಲಿ ಸಾಮಾನ್ಯವಾಗಿ ಇಂಧನವೂ ಗಾಳಿಯೂ ಮೊದಲೇ ಬೆರೆತು, ಆಮೇಲೆ ಕಿಡಿಯಿಂದ ಹೊತ್ತಿಕೊಳ್ಳುವುವು. ಡೀಸೆಲ್ ಯಂತ್ರದಲ್ಲಿ ಕಿಡಿಯಿಲ್ಲ. ಬರಿಯ ಗಾಳಿಯನ್ನು ಅದುಮಿ ಅದುಮಿ ಬಹಳವಾಗಿ ಕಾಯಿಸಿ, ಆ ಬಿಸಿಗಾಳಿಯೊಳಕ್ಕೆ ಎಣ್ಣೆಯನ್ನು ತುಂತುರಾಗಿ ಎರಚುವರು; ಅದು ತಾನಾಗಿ ಹೊತ್ತಿಕೊಳ್ಳುವುದು. ತುಂತುರಿನ ಅಂಚಿನಲ್ಲಿರುವ ಎಣ್ಣೆಗೆ ಗಾಳಿಯು ಧಾರಾಳವಾಗಿ ದೊರೆಯುವುದು. ನಡುವಿನಲ್ಲಿರುವುದಕ್ಕೆ ಆ ಕ್ಷಣದಲ್ಲಿ ಸಾಲದು. ಗಾಳಿ ಸಾಲದೆ ಬೆಂದ ಎಣ್ಣೆಯೇ ಮಸಿ. ನಮ್ಮ ತಾಯಂದಿರು ದೀಪದ ಕುಡಿಯ ಮೇಲೆ ತಟ್ಟೆಯನ್ನು ಹಿಡಿದು ಕಾಡಿಗೆಯನ್ನು ಕೂಡಿಸುತ್ತಿದ್ದುದೂ ಇದೇ ನ್ಯಾಯದಿಂದ. ಕುಡಿಯು ಪೂರ್ತಿಯಾಗಿ ಉರಿಯದಂತೆ ತಟ್ಟೆಯು ಅದನ್ನು ತಣಿಸುವುದು. ಉರಿಯದುಳಿದ ಇಂಗಾಲವು ತಟ್ಟೆಗೆ ಅಂಟುವುದು.

ಕಣ್ಣಿಗೆ ಹಚ್ಚಿದ ಕಾಡಿಗೆಯು ಭೂಷಣ. ಎದೆಗೆ ಇಳಿದ ಕಾಡಿಗೆಯು ವ್ಯಾಧಿ. ಡೀಸೆಲ್ ಮಸಿಯ ಕಣಗಳಲ್ಲಿ ಬಹುಪಾಲು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಅಥವಾ ಅದಕ್ಕಿಂತಲೂ ಸಣ್ಣವು. ಮೂಗಿನ ಕೂದಲೂ ಗಂಟಲಿನ ಕಫವೂ ಇವನ್ನು ತಡೆಯಲಾರವು; ಇವು ಶ್ವಾಸಕೋಶದ ಕಟ್ಟಕಡೆಯ ಗೂಡುಗಳವರೆಗೂ ಹೋಗುವುವು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಅರ್ಬುದವನ್ನುಂಟುಮಾಡುವುದೆಂದು ನಿಶ್ಚಿತವಾದ ವಸ್ತುಗಳ ವರ್ಗಕ್ಕೆ ಸೇರಿಸಿದರು. ಶಾಲೆಗೆ ನಡೆದುಹೋಗುವ ಮಕ್ಕಳ ಮೂಗು ಕಾರಿನ ಹೊಗೆಕೊಳವೆಗೆ ದೊಡ್ಡವರ ಮೂಗಿಗಿಂತ ಹತ್ತಿರವಾಗಿರುವುದೆಂಬುದನ್ನೂ ವಾಚಕರು ನೆನೆಯಬೇಕು.

ಈ ಕಾರಣಗಳಿಂದಲೇ ಹೊಗೆಯ ನಿಯಮಗಳು ವರ್ಷವರ್ಷಕ್ಕೂ ಬಿಗಿಯಾದುವು. ಫ್ರಾನ್ಸಿನ ಪ್ಯೂಜೋ ಕಂಪನಿಯವರು 2000ದಲ್ಲಿ ತಮ್ಮ 607 ಎಂಬ ಕಾರಿನಲ್ಲಿ ಈ ಶೋಧಕವನ್ನಿಟ್ಟು ಮಾರಾಟಕ್ಕೆ ತಂದರು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ನಿಯಮವು ಎಲ್ಲೆಡೆಯೂ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ನಾಲ್ಕನೆಯ ಹಂತದಲ್ಲಿ ಡೀಸೆಲ್ ಕಾರೊಂದು ಕಿಲೋಮೀಟರಿಗೆ 25 ಮಿಲಿಗ್ರಾಂ ಕಣಗಳನ್ನು ಹೊರಕ್ಕೆ ಬಿಡಬಹುದಾಗಿದ್ದಿತು. ಆರನೆಯ ಹಂತದಲ್ಲಿ ನಾಲ್ಕೂವರೆ ಮಿಲಿಗ್ರಾಂ ಮಾತ್ರ. ವರ್ಷಕ್ಕೆ 10,000 ಕಿಲೋಮೀಟರು ಓಡುವ ಕಾರಿಗೆ ಲೆಕ್ಕ ಹಾಕಿದರೆ, ಮೊದಲು ಕಾಲು ಕಿಲೋಗ್ರಾಮಿನವರೆಗೆ ಬಿಡಬಹುದಾಗಿದ್ದ ಕಣಗಳು ಈಗ 45 ಗ್ರಾಂ ಮೀರಕೂಡದೆಂದಾಯಿತು. ತೂಕವಲ್ಲದೆ ಕಣಗಳ ಸಂಖ್ಯೆಗೂ ಮಿತಿಯನ್ನು ಹಾಕಿರುವರು. ಡೀಸೆಲಿನಲ್ಲಿರುವ ಗಂಧಕದ ಅಂಶವನ್ನೂ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಸಿದರು. ಈ ಮಿತಿಯನ್ನು ಶೋಧಕವಿಲ್ಲದೆ ಮುಟ್ಟುವುದು ಡೀಸೆಲ್ ಕಾರಿಗೆ ಅಸಾಧ್ಯವೆಂದೇ ಹೇಳಬೇಕು.

ಶೋಧಕದ ರಚನೆಯು ಜೇನುಹುಟ್ಟಿನಂತಿರುವುದು. ಅದು ಪಿಂಗಾಣಿಯ ಜಾತಿಯ ವಸ್ತುವಿನಿಂದ ಮಾಡಿದ ಒಂದು ದಿಮ್ಮಿ. ಅದರ ಉದ್ದಕ್ಕೂ ಸಾವಿರಾರು ಸಣ್ಣ ಓಣಿಗಳು. ಒಂದು ಓಣಿಗೆ ಹಿಂದಿನ ಬಾಯಿ ಮುಚ್ಚಿದ್ದರೆ ಪಕ್ಕದ ಓಣಿಗೆ ಮುಂದಿನ ಬಾಯಿ ಮುಚ್ಚಿರುವುದು. ಹೀಗಾಗಿ ಒಳಹೊಕ್ಕ ಹೊಗೆಗೆ ನೇರವಾಗಿ ಹೊರಬೀಳುವ ದಾರಿಯಿಲ್ಲ. ಓಣಿಯ ಗೋಡೆಯ ಸೂಕ್ಷ್ಮರಂಧ್ರಗಳ ಮೂಲಕ ಪಕ್ಕದ ಓಣಿಗೆ ನುಸುಳಿಯೇ ಹೋಗಬೇಕು. ಅನಿಲವು ನುಸುಳುವುದು, ಮಸಿಯು ಗೋಡೆಗೆ ಅಂಟಿ ನಿಲ್ಲುವುದು. ಮಸಿಯ ಪದರವು ತುಸು ಕಟ್ಟಿಕೊಂಡರೆ ಶೋಧನೆಯು ಇನ್ನೂ ಚೆನ್ನಾಗುವುದು. ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರನ್ನು ಸೋಸಿದಂತೆ. ಆದರೆ ಪದರವು ದಪ್ಪವಾದಂತೆಲ್ಲ ಹೊಗೆಗೆ ಉಸಿರು ಕಟ್ಟುವುದು, ಯಂತ್ರವು ಏದುವುದು, ಡೀಸೆಲ್ ಹೆಚ್ಚು ಖರ್ಚಾಗುವುದು. ಕಾಫಿಯ ಶೋಧಕದಲ್ಲಿರುವ ಚರಟವನ್ನು ದಿನವೂ ಚೆಲ್ಲಿ ತೊಳೆಯುವಂತೆ ಇದನ್ನು ತೊಳೆಯುವ ಹಾಗಿಲ್ಲ. ಹಾಗಾದರೆ ಉಪಾಯವೇನು? ಮಸಿಯೆಂದರೆ ಇಂಗಾಲ, ಇಂಗಾಲವು ಉರಿಯತಕ್ಕ ವಸ್ತು. ಇದ್ದಲ್ಲಿಯೇ ಅದನ್ನು ಸುಟ್ಟುಬಿಡುವುದೇ ಉಪಾಯ. ಇದೇ ಅಗ್ನಿಶೌಚ.

ಇಂಗಾಲವು ಉರಿಯುವುದಕ್ಕೆ ಏನೇನು ಬೇಕೆಂಬುದನ್ನು ತಿಳಿಯಲು ನಾವು ಬಹು ದೂರ ಹೋಗಬೇಕಾಗಿಲ್ಲ. ನೆರೆಯ ಭದ್ರಾವತಿಯು ಸಾಕು. ಆ ಊರಿಗೆ ಹಿಂದೆ ಬೆಂಕಿಪುರವೆಂದೇ ಹೆಸರಿದ್ದಿತು. ಅಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿದಾಗ ಕಲ್ಲಿದ್ದಲಿನ ಬದಲಾಗಿ ಮಲೆನಾಡಿನ ಸೌದೆಯಿಂದಲೇ ಮಾಡಿದ ಇದ್ದಲನ್ನು ಕುಲುಮೆಗೆ ಹಾಕುತ್ತಿದ್ದರು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿದ್ದಿತು. ಇದ್ದಲನ್ನು ಮಾಡುವ ಕ್ರಮವನ್ನು ಗಮನಿಸಿರಿ. ಸೌದೆಯನ್ನು ಮುಚ್ಚಿದ ಪಾತ್ರೆಯಲ್ಲಿ ಗಾಳಿ ತಗಲದಂತೆ ಕಾಯಿಸುವರು. ಎಷ್ಟು ಕಾದರೂ ಒಳಗಿನ ಇಂಗಾಲವು ಉರಿದುಹೋಗುವುದಿಲ್ಲ. ಡಾಂಬರು ಮೊದಲಾದುವು ಆವಿಯಾಗಿ ಹೋಗಿ ಇದ್ದಲು ನಿಲ್ಲುವುದು. ಅದೇ ಇದ್ದಲನ್ನು ಕುಲುಮೆಗೆ ಹಾಕಿ ಬಿಸಿಗಾಳಿಯನ್ನು ಊದಿದರೆ ಧಗಧಗನೆ ಉರಿಯುವುದು. ತಾಪ ಮಾತ್ರವಿದ್ದು ಗಾಳಿಯಿಲ್ಲದಿದ್ದರೆ ಇಂಗಾಲವು ಸುಡದು. ಗಾಳಿ ಮಾತ್ರವಿದ್ದು ತಾಪವಿಲ್ಲದಿದ್ದರೂ ಸುಡದು. ಬುಟ್ಟಿಯಲ್ಲಿ ತುಂಬಿಟ್ಟ ಇದ್ದಲು ವರ್ಷಗಟ್ಟಲೆ ಹಾಗೆಯೇ ಇರುವುದಷ್ಟೆ. ಎರಡೂ ಕೂಡಿದಾಗಲೇ ದಹನ.

ಡೀಸೆಲ್ ಯಂತ್ರದ ಹೊಗೆಯಲ್ಲಿ ಗಾಳಿಗೆ ಕೊರತೆಯಿಲ್ಲ. ಅದು ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನೆಳೆದುಕೊಳ್ಳುವುದರಿಂದ ಹೊಗೆಯಲ್ಲಿ ಪ್ರಾಣವಾಯುವು ಉಳಿದೇ ಇರುವುದು. ಕೊರತೆಯಿರುವುದು ತಾಪಕ್ಕೆ. ಬರಿಯ ಪ್ರಾಣವಾಯುವಿನಿಂದ ಮಸಿಯು ಚುರುಕಾಗಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಸೆಲ್ಷಿಯಸ್ ಶಾಖ ಬೇಕು. ಊರೊಳಗೆ ಮೆಲ್ಲಗೆ ಚಲಿಸುವ ಕಾರಿನ ಹೊಗೆಯಲ್ಲಿ ಅದರ ಅರ್ಧವೂ ಇರುವುದು ಅಪೂರ್ವ. ಈ ಅಂತರವನ್ನು ತುಂಬುವುದಕ್ಕೆ ಎರಡು ಮಾರ್ಗಗಳನ್ನು ಕಲ್ಪಿಸಿರುವರು. ನಮ್ಮ ಶಾಸ್ತ್ರಗಳ ಮಾತಿನಲ್ಲಿ ಹೇಳುವುದಾದರೆ ಒಂದು ನಿತ್ಯಕರ್ಮ, ಇನ್ನೊಂದು ನೈಮಿತ್ತಿಕಕರ್ಮ.

ನಿತ್ಯಕರ್ಮವೆಂದರೆ ಇದು. ಶೋಧಕದ ಮುಂದೆ ಪ್ಲಾಟಿನಂ ಮೊದಲಾದ ಬೆಲೆಯುಳ್ಳ ಲೋಹಗಳ ಲೇಪವಿರುವ ಇನ್ನೊಂದು ಪಾತ್ರೆಯನ್ನಿಟ್ಟಿರುವರು. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ಅಲ್ಲಿ ಇನ್ನಷ್ಟು ಪ್ರಾಣವಾಯುವನ್ನು ಹೊತ್ತುಕೊಂಡು ನೈಟ್ರೋಜನ್ ಡೈಆಕ್ಸೈಡ್ ಆಗುವುದು. ಈ ಅನಿಲವು ಮಸಿಯನ್ನು 250ರಿಂದ 400 ಡಿಗ್ರಿಯ ಶಾಖದಲ್ಲಿಯೇ ಮೆಲ್ಲಮೆಲ್ಲನೆ ತಿನ್ನಬಲ್ಲದು. ವಾಹನವು ಹೆದ್ದಾರಿಯಲ್ಲಿ ಹದವಾದ ವೇಗದಿಂದ ಓಡುವಾಗ ಈ ಕ್ರಿಯೆಯು ಸದ್ದಿಲ್ಲದೆ ನಡೆಯುವುದು. ಚಾಲಕನಿಗೆ ತಿಳಿಯುವುದೂ ಇಲ್ಲ.

ನೈಮಿತ್ತಿಕವೆಂದರೆ ನಿಮಿತ್ತವು ಒದಗಿದಾಗ ಮಾಡತಕ್ಕದ್ದು. ಶೋಧಕದ ಹಿಂದುಮುಂದಿನ ಒತ್ತಡದ ವ್ಯತ್ಯಾಸವನ್ನು ಅಳೆಯುವ ಉಪಕರಣವೊಂದಿರುವುದು. ಆ ಅಳತೆಯಿಂದಲೂ ಓಡಿದ ದೂರವೇ ಮೊದಲಾದ ಲೆಕ್ಕಗಳಿಂದಲೂ ಮಸಿಯು ಮಿತಿಮೀರಿತೆಂದು ಕಾರಿನ ಗಣಕವು ನಿರ್ಣಯಿಸಿದೊಡನೆ, ಉರುವಲಿಗೆಂದು ಎರಚುವ ಡೀಸೆಲನ್ನಲ್ಲದೆ ಹೊತ್ತು ಮೀರಿದ ಮೇಲೆ ಇನ್ನಷ್ಟನ್ನು ಎರಚುವುದು. ಈ ಹೆಚ್ಚಿನ ಡೀಸೆಲು ಯಂತ್ರದೊಳಗೆ ಕೆಲಸ ಮಾಡದೆ ಹೊಗೆಯೊಡನೆ ಹೋಗಿ ಲೋಹಲೇಪದ ಪಾತ್ರೆಯಲ್ಲಿ ಉರಿದು ಹೊಗೆಯನ್ನು ಸುಮಾರು 600 ಡಿಗ್ರಿಗೆ ಕಾಯಿಸುವುದು. ಆಗ ಶೋಧಕದ ಮಸಿಯೆಲ್ಲವೂ ಹತ್ತರಿಂದ ಇಪ್ಪತ್ತು ನಿಮಿಷಗಳಲ್ಲಿ ಉರಿದು ಇಂಗಾಲಾಮ್ಲವಾಗಿ ಹೊರಟುಹೋಗುವುದು. ವಾಹನ, ಚಾಲನೆಗಳಿಗೆ ತಕ್ಕಂತೆ ಕೆಲವು ನೂರು ಕಿಲೋಮೀಟರುಗಳಿಗೊಮ್ಮೆ ಇದು ನಡೆಯುವುದು. ಆಗ ನಿಂತಲ್ಲಿ ಯಂತ್ರದ ವೇಗವು ತುಸು ಏರಿರುವುದು, ಬೀಸಣಿಗೆಯು ಬಿಡದೆ ತಿರುಗುವುದು, ಕಾದ ಲೋಹದ ವಾಸನೆ ಬರುವುದು, ಡೀಸೆಲ್ ಹೆಚ್ಚು ಖರ್ಚಾದಂತೆ ತೋರುವುದು. ಇವನ್ನು ಕಂಡು ಗಾಬರಿಯಾಗಿ ಯಂತ್ರವನ್ನು ಆರಿಸಕೂಡದು. ಹೋಮವನ್ನು ಪೂರ್ಣಾಹುತಿಗೆ ಮೊದಲೇ ಎಬ್ಬಿಸಿದಂತಾಗುವುದು.

ಇಲ್ಲಿಯೇ ಗೃಹಸ್ಥರಿಗೆ ತೊಡಕು ಬರುವುದು. ನಮ್ಮ ಬೀದಿಯ ಮನೆಯೊಂದರ ಸಂಗತಿಯನ್ನು ದೃಷ್ಟಾಂತವಾಗಿ ಹೇಳುವೆವು. ಮನೆಯ ಯಜಮಾನರು ಡೀಸೆಲು ಅಗ್ಗವೆಂದೂ ಯಂತ್ರವು ಗಟ್ಟಿಯೆಂದೂ ಎಣಿಸಿ ಡೀಸೆಲ್ ಕಾರನ್ನು ಕೊಂಡರು. ಬೆಳಗ್ಗೆ ಮೊಮ್ಮಕ್ಕಳನ್ನು ಶಾಲೆಗೆ ಬಿಡುವುದು, ಗಾಂಧಿಬಜಾರಿಗೆ ಹೋಗಿ ತರಕಾರಿಯನ್ನು ತರುವುದು, ಸಂಜೆ ದುರ್ಗಿಗುಡಿಯ ಕಡೆಗೊಂದು ಸುತ್ತು, ಇಷ್ಟೇ ಅದರ ಸಂಚಾರ. ಒಂದು ಸಲಕ್ಕೆ ಎರಡು ಮೂರು ಕಿಲೋಮೀಟರು. ಯಂತ್ರವು ಕಾಯುವುದಕ್ಕೆ ಮೊದಲೇ ಮನೆಯು ಬಂದುಬಿಡುವುದು. ನಿತ್ಯಕರ್ಮಕ್ಕೆ ಬೇಕಾದ ಶಾಖ ಎಂದೂ ಹುಟ್ಟದು. ನೈಮಿತ್ತಿಕವು ಆರಂಭವಾದರೆ ಅರ್ಧದಲ್ಲಿಯೇ ನಿಲ್ಲುವುದು. ಆರು ತಿಂಗಳೊಳಗಾಗಿ ಮೂರು ಸಲ ಎಚ್ಚರಿಕೆಯ ದೀಪವು ಹತ್ತಿತು. ಮೂರನೆಯ ಸಲ ಕಾರ್ಯಾಗಾರವೊಂದರಲ್ಲಿ ಅವರಿಗೆ ದೊರೆತ ಉಪದೇಶವಿದು: ‘ಶೋಧಕದ ಒಳಗಿನ ದಿಮ್ಮಿಯನ್ನು ಒಡೆದು ತೆಗೆದು, ಬರಿಯ ಡಬ್ಬಿಯನ್ನು ಹಾಗೆಯೇ ಬೆಸೆದು, ಗಣಕಕ್ಕೆ ತಿಳಿಯದಂತೆ ಬುದ್ಧಿ ಹೇಳಿಕೊಡುವೆವು. ಆಮೇಲೆ ದೀಪವೂ ಇಲ್ಲ, ಉಪದ್ರವವೂ ಇಲ್ಲ.’ ಹೊಸ ಶೋಧಕಕ್ಕೆ ತಗಲುವ ದೊಡ್ಡ ಮೊತ್ತವನ್ನು ಕೇಳಿ ಕಂಗೆಟ್ಟಿದ್ದ ಯಜಮಾನರಿಗೆ ಈ ಮಾತು ಅಮೃತದಂತೆ ಕೇಳಿಸಿತು. ಅವರ ಸೊಸೆಗೆ ಹಾಗೆ ಕೇಳಿಸಲಿಲ್ಲ. ಆಕೆಯ ಎರಡನೆಯ ಮಗುವಿಗೆ ಉಬ್ಬಸದ ಉಪದ್ರವ. ‘ನಮ್ಮ ಕಾರಿನ ಹಿಂದೆ ನಡೆದು ಬರುವ ಮಕ್ಕಳಿಗೂ ತಾಯಂದಿರಿಲ್ಲವೆ?’ ಎಂದು ಕೇಳಿದಳು. ಮಾವನವರಿಗೆ ಕೋಪ ಬಂದಿತು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ದಿನ ಇಬ್ಬರೂ ನಮ್ಮಲ್ಲಿಗೆ ಬಂದು ಅಭಿಪ್ರಾಯವನ್ನು ಕೇಳಿದರು.

ನಾವು ಹೇಳಿದುದನ್ನು ಇಲ್ಲಿಯೂ ಹೇಳುವೆವು. ಶೋಧಕವನ್ನು ಕಿತ್ತರೆ ಮಸಿಯು ಇಲ್ಲವಾಗುವುದಿಲ್ಲ. ಎಡೆಯನ್ನು ಬದಲಾಯಿಸುವುದು, ಅಷ್ಟೆ. ನಮ್ಮ ಡಬ್ಬಿಯೊಳಗೆ ಸುಡಬೇಕಾಗಿದ್ದುದು ನೆರೆಯವರ ಎದೆಯೊಳಗೆ ಕೂರುವುದು. ತನ್ನ ಅಂಗಳವನ್ನು ಗುಡಿಸಿ ಕಸವನ್ನು ಬೀದಿಗೆ ತಳ್ಳುವುದನ್ನು ಯಾರೂ ಶೌಚವೆನ್ನರು. ಕಾನೂನಿಗೂ ಇದು ಒಪ್ಪದು: 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು, ತಯಾರಿಸಿದವರು ನಿಗದಿ ಮಾಡಿದ ರಚನೆಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವುದನ್ನು ನಿಷೇಧಿಸಿರುವುದು. ಆದರೆ ಯಜಮಾನರನ್ನು ಗದರಿಸುವುದರಿಂದಲೂ ಫಲವಿಲ್ಲ. ಅವರ ಕಷ್ಟವು ನಿಜವಾದುದು. ದೋಷವು ಶೋಧಕದಲ್ಲಿಯೂ ಇಲ್ಲ, ಅವರಲ್ಲಿಯೂ ಇಲ್ಲ. ವಾಹನಕ್ಕೂ ದಾರಿಗೂ ಹೊಂದಿಕೆಯಿಲ್ಲ. ಯಜಮಾನರ ತಮ್ಮನು ಶಿವಮೊಗ್ಗೆಯಲ್ಲಿಯೇ ಮನೆ ಮಾಡಿಕೊಂಡು ಭದ್ರಾವತಿಗೆ ದಿನವೂ ತನ್ನ ಪೆಟ್ರೋಲ್ ಕಾರಿನಲ್ಲಿ ಹೋಗಿಬರುತ್ತಿರುವುದನ್ನು ಕೇಳಿ, ಅಣ್ಣತಮ್ಮಂದಿರು ವಾಹನಗಳನ್ನು ಅದಲುಬದಲು ಮಾಡಿಕೊಳ್ಳಬಾರದೇಕೆ ಎಂದೆವು. ಮೊದಲು ಡೀಸೆಲ್ ಕಾರನ್ನು ಬೇರೆ ಕಾರ್ಯಾಗಾರವೊಂದಕ್ಕೆ ಒಯ್ದು ನಿಂತಲ್ಲಿಯೇ ಪುನಶ್ಶುದ್ಧಿಯನ್ನು ಮಾಡಿಸಿದರು. ಆಮೇಲೆ ಅದು ತಮ್ಮನ ಮನೆಗೆ ಹೋಯಿತು. ದೀಪವು ಮತ್ತೆ ಹತ್ತಲಿಲ್ಲ. ಮಾವಸೊಸೆಯರ ನಡುವೆ ಮಾತೂ ಮರಳಿತು. ಕಾರಿಗಿಂತ ಇದು ಹೆಚ್ಚಿನ ಲಾಭವೆಂದು ನಮ್ಮ ಎಣಿಕೆ.

ಎಲ್ಲರಿಗೂ ಭದ್ರಾವತಿಗೆ ಹೋಗಿಬರುವ ತಮ್ಮನಿರುವುದಿಲ್ಲವಷ್ಟೆ. ಆದಕಾರಣ ಡೀಸೆಲ್ ಕಾರನ್ನಿಟ್ಟುಕೊಂಡೇ ಇರುವವರು ಅನುಸರಿಸತಕ್ಕ ಕ್ರಮವನ್ನು ಹೇಳುವೆವು. ವಾಹನದೊಡನೆ ಬಂದ ಕೈಪಿಡಿಯನ್ನು ಮೊದಲು ಓದತಕ್ಕದ್ದು. ಒಂದೊಂದು ಕಾರಿಗೆ ಒಂದೊಂದು ವಿಧಿ ಇರುವುದರಿಂದ ಅದರ ಮಾತೇ ಪ್ರಮಾಣ. ಸಾಮಾನ್ಯವಾಗಿ ಶೋಧಕದ ದೀಪವು ಮಾತ್ರ ಹತ್ತಿದಾಗ, ಯಂತ್ರವು ಚೆನ್ನಾಗಿ ಕಾದ ಮೇಲೆ, ತೆರವಾದ ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರಿನಷ್ಟು ಸಮವಾದ ವೇಗದಿಂದ ಇಪ್ಪತ್ತು ನಿಮಿಷ ಓಡಿಸಿದರೆ ದೀಪವು ತಾನಾಗಿ ಆರುವುದು. ಇಪ್ಪತ್ತು ನಿಮಿಷಕ್ಕೆ 20 ಕಿಲೋಮೀಟರಾಯಿತು. ಶಿವಮೊಗ್ಗೆಯಿಂದ ಭದ್ರಾವತಿಗೆ ಇರುವ ದೂರವೂ ಹೆಚ್ಚುಕಡಮೆ ಅಷ್ಟೇ. ಊರೊಳಗಣ ಸಂದಣಿಯನ್ನು ದಾಟುವ ಹೊತ್ತನ್ನು ಇದರಲ್ಲಿ ಸೇರಿಸಕೂಡದು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಇಂತಹದೊಂದು ಪ್ರಯಾಣವನ್ನಿಟ್ಟುಕೊಂಡರೆ ದೀಪವು ಹತ್ತುವ ಸಂದರ್ಭವೇ ಅಪೂರ್ವವಾಗುವುದು. ಕೂಡಲಿಯ ಸಂಗಮಕ್ಕೋ ಸಕ್ಕರೆಬೈಲಿನ ಆನೆಗಳನ್ನು ನೋಡುವುದಕ್ಕೋ ಮನೆಯವರನ್ನೆಲ್ಲ ಕರೆದೊಯ್ದರೆ ಶೋಧಕಕ್ಕೂ ಹಿತ, ಮಕ್ಕಳಿಗೂ ಹಿತ. ಎಡೆಯಲ್ಲಿ ಪದೇಪದೇ ನಿಲ್ಲಿಸಬಾರದು.

ಇಲ್ಲಿ ಮಲೆನಾಡಿನವರು ನೆನಪಿಡಬೇಕಾದ ಒಂದು ಸೂಕ್ಷ್ಮವುಂಟು. ಹತ್ತುವ ದಾರಿಯು ಯಂತ್ರಕ್ಕೆ ಭಾರವನ್ನು ಹೊರಿಸುವುದರಿಂದ ಹೊಗೆಯು ಕಾಯುವುದು. ಇಳಿಯುವ ದಾರಿಯಲ್ಲಿ ಹಾಗಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಘಟ್ಟವನ್ನಿಳಿಯುವಾಗ ಯಂತ್ರವು ಡೀಸೆಲನ್ನು ಬಹಳ ಮಟ್ಟಿಗೆ ಉರಿಸುವುದೇ ಇಲ್ಲ. ತಣ್ಣನೆಯ ಗಾಳಿಯನ್ನೇ ಶೋಧಕದೊಳಕ್ಕೆ ನೂಕುವುದು. ಆದುದರಿಂದ ‘ಅಷ್ಟು ದೂರ ಹೋಗಿಬಂದೆವು, ದೀಪವೇಕೆ ಆರಲಿಲ್ಲ?’ ಎಂದು ಕೇಳುವವರು ದೂರವನ್ನಲ್ಲ, ಶಾಖವನ್ನು ಲೆಕ್ಕಿಸಬೇಕು. ಹಾಗೆಯೇ ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬೆಯ ಜಾತ್ರೆಯ ದಿನಗಳಲ್ಲಿ ಜನಸಂದಣಿಯ ನಡುವೆ ಗಂಟೆಗಟ್ಟಲೆ ಯಂತ್ರವನ್ನು ಓಡಿಸುತ್ತಾ ನಿಂತಿರುವುದು ಮಸಿಯನ್ನು ಕೂಡಿಸುವುದಕ್ಕೆ ರಾಜಮಾರ್ಗ. ಅಂತಹ ದಿನಗಳಲ್ಲಿ ಕಾರನ್ನು ಮನೆಯಲ್ಲಿ ಬಿಟ್ಟು ಕಾಲನ್ನು ಉಪಯೋಗಿಸುವುದು ಲೇಸು.

ಇನ್ನು ಬೆಂಕಿಯ ಭಯ. ಪುನಶ್ಶುದ್ಧಿಯ ಕಾಲದಲ್ಲಿಯೂ ಅದಾದ ತುಸು ಹೊತ್ತಿನವರೆಗೂ ಕಾರಿನ ತಳಭಾಗವು ಒಣಹುಲ್ಲನ್ನು ಹೊತ್ತಿಸುವಷ್ಟು ಕಾದಿರಬಹುದು. ನಮ್ಮ ಕಡೆ ಅಡಕೆಯ ಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಸಿಪ್ಪೆ, ಸೋಗೆ, ದರಗು, ಹುಲ್ಲು. ಅಂತಹ ಅಂಗಳಕ್ಕೆ ಕಾದ ಕಾರನ್ನು ತಂದು ನಿಲ್ಲಿಸುವುದು ಪಾವಕನನ್ನು ದಹನನನ್ನಾಗಿ ಮಾಡುವುದೇ ಸರಿ. ಕಲ್ಲುಹಾಸಿನ ಮೇಲೋ ಬರಿಯ ನೆಲದ ಮೇಲೋ ನಿಲ್ಲಿಸತಕ್ಕದ್ದು. ಮಕ್ಕಳು ಹೊಗೆಕೊಳವೆಯನ್ನು ಮುಟ್ಟದಂತೆ ನೋಡಿಕೊಳ್ಳತಕ್ಕದ್ದು. ಮುಚ್ಚಿದ ಕೊಟ್ಟಿಗೆಯೊಳಗೆ ಯಂತ್ರವನ್ನು ಎಂದಿಗೂ ಓಡಿಸಕೂಡದು. ಶೋಧಕವು ಮಸಿಯನ್ನು ಹಿಡಿಯುವುದೇ ಹೊರತು ವಿಷಾನಿಲಗಳನ್ನೆಲ್ಲ ಹಿಡಿಯುವುದಿಲ್ಲ.

ದೀಪವನ್ನು ಕಡೆಗಣಿಸಿ ಓಡಿಸುತ್ತಲೇ ಇದ್ದರೆ ಇನ್ನೊಂದು ದೀಪವೂ ಹತ್ತುವುದು. ಯಂತ್ರವು ತನ್ನ ಶಕ್ತಿಯನ್ನು ತಾನೇ ಕುಗ್ಗಿಸಿಕೊಳ್ಳುವುದು. ಆಗ ಹೆದ್ದಾರಿಯ ಓಟದಿಂದ ಪ್ರಯೋಜನವಿಲ್ಲ. ಅದು ಅಪಾಯವೂ ಹೌದು. ಮಸಿಯು ಅತಿಯಾಗಿ ತುಂಬಿರುವಾಗ ಒಮ್ಮೆಲೇ ಹೊತ್ತಿಕೊಂಡರೆ ಶಾಖವು 1,000 ಡಿಗ್ರಿಯನ್ನೂ ಮೀರಿ ಪಿಂಗಾಣಿಯು ಸೀಳಬಹುದು, ಕರಗಲೂಬಹುದು. ಆ ಘಟ್ಟದಲ್ಲಿ ಪ್ರಾಯಶ್ಚಿತ್ತವೇ ಗತಿ: ಬಲ್ಲ ಕಾರ್ಯಾಗಾರಕ್ಕೆ ಒಯ್ಯುವುದು. ಅವರು ಗಣಕಕ್ಕೆ ಆಜ್ಞೆಯಿತ್ತು ಬಯಲಿನಲ್ಲಿ ನಿಂತಲ್ಲಿಯೇ ಸುಡಿಸುವರು. ಅದಕ್ಕೂ ಬಗ್ಗದಿದ್ದರೆ ಶೋಧಕವನ್ನು ಬಿಚ್ಚಿ ತಕ್ಕ ಉಪಕರಣಗಳಿಂದ ಶುಚಿಮಾಡುವರು. ಮನೆಯಲ್ಲಿ ಸೀಮೆಯೆಣ್ಣೆ, ಸಾಬೂನಿನ ನೀರು, ಕಡ್ಡಿ, ಸುತ್ತಿಗೆ ಇವುಗಳಿಂದ ಚಿಕಿತ್ಸೆಗೆ ತೊಡಗುವುದು ಬೇಡ.

ಅಗ್ನಿಶೌಚಕ್ಕೂ ಒಂದು ಎಲ್ಲೆಯುಂಟು. ಬೆಂಕಿಯು ಮಸಿಯನ್ನು ಸುಡುವುದು, ಬೂದಿಯನ್ನು ಸುಡಲಾರದು. ಯಂತ್ರದ ಕೀಲೆಣ್ಣೆಯು ಅಣುವಷ್ಟು ಉರಿಯುತ್ತಲೇ ಇರುವುದು. ಆ ಎಣ್ಣೆಯಲ್ಲಿ ಬೆರೆಸಿರುವ ಸುಣ್ಣದ ಲೋಹ, ಸತು, ರಂಜಕ ಮೊದಲಾದುವು ಬೂದಿಯಾಗಿ ಶೋಧಕದೊಳಗೆ ಉಳಿಯುವುವು. ಒಲೆಯ ಬೂದಿಯನ್ನು ಆಗಾಗ ತೆಗೆಯದಿದ್ದರೆ ಸೌದೆಗೆ ಎಡೆಯಿಲ್ಲದಂತೆ ಇಲ್ಲಿಯೂ ಬೂದಿಯು ತುಂಬುವುದು. ಆದರೆ ಇದಕ್ಕೆ ಬಹುಕಾಲ ಹಿಡಿಯುವುದು. ಬೂದಿಯು ಕಡಮೆಯಾಗಬೇಕಾದರೆ, ಕಡಮೆ ಬೂದಿಯ ಜಾತಿಯ ಕೀಲೆಣ್ಣೆಯನ್ನು, ಕೈಪಿಡಿಯು ಹೇಳಿದ ಗುರುತನ್ನು ನೋಡಿಯೇ ಹಾಕಿಸತಕ್ಕದ್ದು. ಅಗ್ಗದ ಎಣ್ಣೆಯಿಂದ ಉಳಿಸಿದ ನೂರು ರೂಪಾಯಿಯು ಶೋಧಕದಲ್ಲಿ ಸಾವಿರವಾಗಿ ಹೋಗುವುದು. ಮತ್ತೊಂದು ಮಾತು: ಪುನಶ್ಶುದ್ಧಿಯು ಪದೇಪದೇ ಅರ್ಧಕ್ಕೆ ನಿಂತರೆ, ಹೊತ್ತು ಮೀರಿ ಎರಚಿದ ಡೀಸೆಲು ಯಂತ್ರದ ಗೋಡೆಯ ಮೇಲಿಂದ ಜಾರಿ ಕೀಲೆಣ್ಣೆಯೊಡನೆ ಬೆರೆಯುವುದು. ಎಣ್ಣೆಯನ್ನಳೆಯುವ ಕಡ್ಡಿಯಲ್ಲಿ ಮಟ್ಟವು ಇಳಿಯುವ ಬದಲು ಏರುತ್ತಿದ್ದರೆ ಸಂತೋಷಪಡಬಾರದು. ಅದು ಹೆಚ್ಚಿದ ಎಣ್ಣೆಯಲ್ಲ, ತೆಳುವಾದ ಎಣ್ಣೆ. ಕೂಡಲೇ ಬದಲಾಯಿಸಬೇಕು.

ಕೆಲವರು ಯೂರಿಯಾದ ನೀರನ್ನು ಶೋಧಕಕ್ಕೆ ಸಂಬಂಧಪಟ್ಟುದೆಂದು ತಿಳಿದಿರುವರು. ಕೆಲವು ಡೀಸೆಲ್ ವಾಹನಗಳಲ್ಲಿ ಬೇರೊಂದು ತೊಟ್ಟಿಗೆ ಹೊಯ್ಯುವ ಆ ದ್ರವವು ನೂರರಲ್ಲಿ 32.5 ಭಾಗ ಯೂರಿಯಾ ಕರಗಿದ ಶುದ್ಧಜಲ. ಅದರ ಕೆಲಸ ಸಾರಜನಕದ ವಿಷಾನಿಲಗಳನ್ನು ಅಡಗಿಸುವುದು. ಮಸಿಯ ದೀಪವು ಹತ್ತಿದಾಗ ಅದನ್ನು ಹೊಯ್ದು ಫಲವಿಲ್ಲ. ಡೀಸೆಲಿನ ತೊಟ್ಟಿಗೆ ಹೊಯ್ದರಂತೂ ಅನರ್ಥ.

ಇಷ್ಟೆಲ್ಲವನ್ನು ಓದಿದ ಮೇಲೆ, ‘ಹಾಗಾದರೆ ಡೀಸೆಲ್ ಕಾರನ್ನು ಕೊಳ್ಳಬಹುದೆ?’ ಎಂದು ಹೊಸದಾಗಿ ಕೊಳ್ಳುವವರು ಕೇಳುವರು. ನಮ್ಮ ಉತ್ತರವು ಸರಳ. ತಿಂಗಳಲ್ಲಿ ಎಷ್ಟು ಕಿಲೋಮೀಟರು ಓಡಿಸುವಿರೆಂದು ಕೇಳಿಕೊಳ್ಳುವುದಕ್ಕಿಂತ, ಒಂದು ಸಲಕ್ಕೆ ಎಷ್ಟು ದೂರ ಓಡಿಸುವಿರೆಂದು ಕೇಳಿಕೊಳ್ಳಿರಿ. ಸಾಗರ, ತೀರ್ಥಹಳ್ಳಿಗಳ ತೋಟಕ್ಕೆ ವಾರವಾರವೂ ಹೋಗಿಬರುವವರಿಗೆ ಡೀಸೆಲು ಹೊಂದುವುದು. ಕೋಟೆಯಿಂದ ಬಜಾರಿಗೆ, ಬಜಾರಿನಿಂದ ಕೋಟೆಗೆ ಎಂಬುವರಿಗೆ ಹೊಂದದು. ಮಾರುತಿ ಸುಜುಕಿಯವರು 2020ರ ಏಪ್ರಿಲಿನಿಂದ ಡೀಸೆಲ್ ಕಾರುಗಳ ಮಾರಾಟವನ್ನೇ ನಿಲ್ಲಿಸಿದರು. ಸಣ್ಣ ಕಾರಿಗೆ ಈ ಶೋಧಕಾದಿಗಳ ವೆಚ್ಚವು ಭಾರವಾಗುವುದೆಂಬುದನ್ನು ಇದರಿಂದ ಊಹಿಸಬಹುದು.

ಶೋಧಕವು ಸರ್ವರೋಗನಿವಾರಿಣಿಯೆಂದೂ ನಾವು ಹೇಳುತ್ತಿಲ್ಲ. ಹನ್ನೆರಡು ತೊಲ ಇಂಗಾಲವು ಪೂರ್ಣವಾಗಿ ಉರಿದರೆ ಗಾಳಿಯಿಂದ ಮೂವತ್ತೆರಡು ತೊಲ ಪ್ರಾಣವಾಯುವನ್ನು ಸೇರಿಸಿಕೊಂಡು ನಲವತ್ತನಾಲ್ಕು ತೊಲ ಇಂಗಾಲಾಮ್ಲವಾಗುವುದು. ಅದು ಲೋಕದ ತಾಪವನ್ನು ಹೆಚ್ಚಿಸತಕ್ಕದ್ದೇ ಸರಿ. ಆದರೆ ಬೀದಿಯಲ್ಲಿ ನಡೆಯುವ ಮಗುವಿನ ಎದೆಯಲ್ಲಿ ಅದು ಮಸಿಯಂತೆ ಕೂರುವುದಿಲ್ಲ. ಎರಡು ಕೇಡುಗಳಲ್ಲಿ ಒಂದನ್ನು ಈಗಲೇ, ನಮ್ಮ ಕೈಯಿಂದಲೇ, ದಿನಕ್ಕೆ ಇಪ್ಪತ್ತು ನಿಮಿಷಕ್ಕೂ ಕಡಮೆಯ ಶ್ರಮದಿಂದ ತಡೆಯಬಹುದಾಗಿರುವಾಗ, ಇನ್ನೊಂದನ್ನು ತಡೆಯಲಾರೆವೆಂದು ಇದನ್ನೂ ಬಿಡುವುದು ವಿವೇಕವಲ್ಲ.

ವಾಚಕರು ಇಂದೇ ಮಾಡಬಹುದಾದ ಕೆಲಸವೊಂದುಂಟು. ಕಾರಿನ ಕೈಪಿಡಿಯನ್ನು ತೆಗೆದು, ಶೋಧಕದ ದೀಪದ ಚಿತ್ರವು ಯಾವುದೆಂದು ಮನೆಯಲ್ಲಿ ವಾಹನವನ್ನು ನಡೆಸುವವರೆಲ್ಲರಿಗೂ ತೋರಿಸಿಡಿರಿ. ಅದು ಹತ್ತಿದ ದಿನ ಯಾರೂ ಬೆದರಬೇಕಾಗಿಲ್ಲ, ಯಾರ ದುರುಪದೇಶಕ್ಕೂ ಕಿವಿಗೊಡಬೇಕಾಗಿಲ್ಲ. ಮುಂದಿನ ತಿಂಗಳು ಮಳೆಗಾಲದಲ್ಲಿ ವಾಹನದ ಗಾಜುಗಳು ಒಳಗಿನಿಂದ ಮಸುಕಾಗುವ ಕಾರಣವನ್ನೂ ಅದಕ್ಕೆ ಪರಿಹಾರವನ್ನೂ ವಿಚಾರಿಸುವೆವು.